ನೂರಾರು ಮೆಷೀನಿಗೆ ಸಾಫ್ಟ್‌ವೇರ್ ಹಾಕೋಕೆ ಯಾವ ಟೂಲ್? ಬಿಟ್ಟುಹೋದ ಮೆಷೀನಿನ ಲೆಕ್ಕದಲ್ಲಿ ಒಂದು ಹೋಲಿಕೆ

ಕೆಲವು ವರ್ಷದ ಹಿಂದೆ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬುಗಳನ್ನ ನಾನು ನೋಡ್ಕೋತಿದ್ದೆ. ಪ್ರಾಕ್ಟಿಕಲ್ ಎಕ್ಸಾಮ್ ಹಿಂದಿನ ದಿನ ಮಧ್ಯಾಹ್ನ ಮೇಡಂ ಬಂದು ಪೈಥಾನ್ ಹೊಸ ವರ್ಷನ್ ಬೇಕು, ಜೊತೆಗೆ ಎರಡು ಪ್ಯಾಕೇಜ್ ಬೇಕು ಅಂದ್ರು, ಇದ್ದಿದ್ದು 62 ಮೆಷೀನು, ನಾನು ಮತ್ತೆ ಲ್ಯಾಬ್ ಅಟೆಂಡರ್ ಇಬ್ರೇ, ಎರಡು ಪೆನ್ ಡ್ರೈವ್ ಹಿಡ್ಕೊಂಡು ರಾತ್ರಿ ಒಂಬತ್ತರವರೆಗೂ ಸಾಲಾಗಿ ಹಾಕ್ತಾ ಬಂದ್ವಿ. ಕೊನೇ ಸಾಲಿನ ಎಂಸಿಬಿ ಟ್ರಿಪ್ ಆಗಿತ್ತು, ಆ ಐದು ಮೆಷೀನು ಆನ್ ಆಗ್ಲಿಲ್ಲ, ಬೆಳಗ್ಗೆ ಬೇಗ ಬಂದು ಹಾಕೋಣ ಅಂತ ಮನೆಗೆ ಹೋದ್ವಿ. ಬೆಳಗ್ಗೆ ನಾವು ಬರೋ ಹೊತ್ತಿಗೆ ಎಲೆಕ್ಟ್ರಿಷಿಯನ್ ಅದನ್ನ ಸರಿ ಮಾಡಿದ್ದ, ಎಲ್ಲ ಮೆಷೀನೂ ಆನ್ ಆಗಿ ಹುಡುಗ್ರು ಕೂತೂ ಆಗಿತ್ತು, ಯಾವುದಕ್ಕೆ ಹಾಕಿದೀವಿ ಯಾವುದಕ್ಕೆ ಹಾಕಿಲ್ಲ ಅಂತ ನೋಡೋಕೆ ಒಂದು ಚೀಟಿನೂ ಇರ್ಲಿಲ್ಲ ನಮ್ಮ ಹತ್ರ. ಕೊನೇ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗಿ ಇಪ್ಪತ್ತೈದು ನಿಮಿಷ ಎರರ್ ನೋಡ್ತಾ ತನ್ನ ಪ್ರೋಗ್ರಾಮೇ ತಪ್ಪು ಅಂದ್ಕೊಂಡು ಮತ್ತೆ ಮತ್ತೆ ತಿದ್ದಿ ಬರೀತಿದ್ಲು. ಅವಳ ಕೋಡ್ ಸರಿಯಾಗೇ ಇತ್ತು. ಅವತ್ತಿನಿಂದ ನನಗೆ ಈ ವಿಷಯದಲ್ಲಿ ಒಂದೇ ಒಂದು ಪ್ರಶ್ನೆ ಮುಖ್ಯ: ಬಿಟ್ಟುಹೋದ ಮೆಷೀನು ಯಾವುದು ಅಂತ ನನಗೆ ಯಾರು ಹೇಳ್ತಾರೆ?

ಇದು ಬರೀ ಕಾಲೇಜ್ ಲ್ಯಾಬಿನ ಸಮಸ್ಯೆ ಅಂದ್ಕೋಬೇಡಿ. ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಅಂತ ದೊಡ್ಡ ಶೇರ್ ಟ್ರೇಡಿಂಗ್ ಕಂಪನಿ ಇತ್ತು. 2012ರ ಆಗಸ್ಟ್ 1ಕ್ಕೆ ಶುರುವಾಗೋ ಹೊಸ ಕೋಡನ್ನ 8 ಸರ್ವರಿಗೆ ಕೈಯಲ್ಲೇ ಹಾಕ್ತಿದ್ರು, 7ಕ್ಕೆ ಹಾಕಿದ್ರು, ಒಂದು ಬಿಟ್ಟುಹೋಯ್ತು, ಆ ಒಂದರಲ್ಲಿ ವರ್ಷಗಳ ಹಿಂದೆ ಬಳಕೆ ನಿಲ್ಲಿಸಿದ್ದ ಹಳೇ ಕೋಡ್ ಹಾಗೇ ಕೂತಿತ್ತು, ಮಾರ್ಕೆಟ್ ಓಪನ್ ಆದ ಕೂಡ್ಲೇ ಅದು ಎದ್ದು ತನ್ನ ಪಾಡಿಗೆ ಆರ್ಡರ್ ಹಾಕೋಕೆ ಶುರು ಮಾಡ್ತು. ಮುಕ್ಕಾಲು ಗಂಟೆಯಲ್ಲಿ 44 ಕೋಟಿ ಡಾಲರ್ ಮೇಲೆ ನಷ್ಟ. ಇದ್ದಿದ್ದು ಎಂಟೇ ಸರ್ವರ್. ಹಾಗಾಗಿ ನಮ್ಮಲ್ಲಿ ಮೆಷೀನ್ ಕಮ್ಮಿ ಇದೆ ಕೈಯಲ್ಲೇ ನೋಡ್ಕೋತೀವಿ ಅನ್ನೋರ ಮಾತನ್ನ ನಾನು ಒಪ್ಪಲ್ಲ.

ಈಗ ನಾನು ಒಂದು ಪತ್ತಿನ ಸಹಕಾರಿ ಸಂಘದ 22 ಶಾಖೆಗಳ ಕಂಪ್ಯೂಟರ್ ನೋಡ್ಕೋತೀನಿ, ಲ್ಯಾಬೂ ನೋಡಿದೀನಿ, ಶಾಖೆನೂ ನೋಡಿದೀನಿ, ಎರಡೂ ಕಡೆ ಬೇರೆ ಬೇರೆ ಟೂಲ್ ಹಾಕಿ ನೋಡಿದ ಮೇಲೆ ಇದನ್ನ ಬರೀತಿದೀನಿ. ಫೀಚರ್ ಪಟ್ಟಿ ಇಟ್ಕೊಂಡು ಹೋಲಿಸಿದ್ರೆ ಎಲ್ಲ ಟೂಲೂ ಒಂದೇ ಥರ ಕಾಣತ್ತೆ, ಎಲ್ಲವೂ ಪ್ಯಾಕೇಜ್ ಹಾಕತ್ತೆ, ಫೈಲ್ ಕಾಪಿ ಮಾಡತ್ತೆ, ಸರ್ವಿಸ್ ರೀಸ್ಟಾರ್ಟ್ ಮಾಡತ್ತೆ. ವ್ಯತ್ಯಾಸ ಗೊತ್ತಾಗೋದು ಆಫ್ ಆಗಿರೋ ಮೆಷೀನಿನ ವಿಷಯದಲ್ಲಿ.

ನೀವು ಹೋಗೋದಾ, ಅದೇ ಬರೋದಾ

ಈ ಟೂಲುಗಳಲ್ಲಿ ಎರಡು ಜಾತಿ. ಒಂದರಲ್ಲಿ ನೀವು ಒಂದು ಜಾಗದಲ್ಲಿ ಕೂತು ಮೆಷೀನುಗಳ ಹತ್ರ ಹೋಗಿ ಕೆಲಸ ಮಾಡಿಸ್ತೀರ, ಇದಕ್ಕೆ ಪುಶ್ ಅಂತಾರೆ. ಇನ್ನೊಂದರಲ್ಲಿ ಪ್ರತಿ ಮೆಷೀನಲ್ಲೂ ಒಂದು ಸಣ್ಣ ಏಜೆಂಟ್ ಕೂತಿರತ್ತೆ, ಅದು ಇಷ್ಟು ಹೊತ್ತಿಗೊಂದ್ಸಲ ಸರ್ವರ್ ಹತ್ರ ಬಂದು ನನಗೇನಾದ್ರೂ ಕೆಲಸ ಇದೆಯಾ ಅಂತ ಕೇಳತ್ತೆ, ಇದು ಪುಲ್. ಡೇಟಾ ಸೆಂಟರಲ್ಲಿ ಸರ್ವರುಗಳು ಇಪ್ಪತ್ನಾಲ್ಕು ಗಂಟೆ ಆನ್ ಇರತ್ತೆ, ಅಲ್ಲಿ ಪುಶ್ ಆದ್ರೂ ನಡಿಯತ್ತೆ ಪುಲ್ ಆದ್ರೂ ನಡಿಯತ್ತೆ. ಆದ್ರೆ ನಮ್ಮ ಕಡೆ ಸಂಜೆ ಐದೂವರೆಗೆ ಅಟೆಂಡರ್ ಮೇನ್ ಸ್ವಿಚ್ಚೇ ಇಳಿಸಿ ಬೀಗ ಹಾಕ್ತಾರೆ, ಹಳ್ಳಿ ಶಾಖೆಯಲ್ಲಿ ಕರೆಂಟ್ ಹೋದ್ರೆ ಯುಪಿಎಸ್ ಅರ್ಧ ಗಂಟೆ, ಆಮೇಲೆ ಎಲ್ಲ ಆಫ್, ಇಂಥ ಜಾಗದಲ್ಲಿ ರಾತ್ರಿ ಹನ್ನೊಂದಕ್ಕೆ ಕೂತು ಪುಶ್ ಮಾಡ್ತೀನಿ ಅಂದ್ರೆ ಯಾರು ಸಿಗ್ತಾರೆ. ಟೂಲ್ ಹೆಸರು ಕೇಳೋಕೆ ಮುಂಚೆ ನಿಮ್ಮ ಮೆಷೀನು ಯಾವ ಹೊತ್ತಲ್ಲಿ ಆನ್ ಇರತ್ತೆ ಅಂತ ಒಂದು ವಾರ ಸುಮ್ನೆ ಪಿಂಗ್ ಮಾಡಿ ಬರ್ಕೊಳ್ಳಿ, ಅರ್ಧ ತೀರ್ಮಾನ ಅಲ್ಲೇ ಆಗ್ಬಿಡತ್ತೆ.

ಆನ್ಸಿಬಲ್

ಮೊದಲು ಕಲಿಯೋಕೆ ಇದೇ ಒಳ್ಳೇದು ಅಂತ ನಾನು ಎಲ್ಲರಿಗೂ ಹೇಳ್ತೀನಿ. 2012ರಲ್ಲಿ ಮೈಕೆಲ್ ಡಿಹಾನ್ ಶುರು ಮಾಡಿದ್ದು, 2015ರಲ್ಲಿ ರೆಡ್ ಹ್ಯಾಟ್ ತಗೊಳ್ತು, ರೆಡ್ ಹ್ಯಾಟನ್ನೇ 2019ರಲ್ಲಿ ಐಬಿಎಂ ತಗೊಳ್ತು. ಇದರ ದೊಡ್ಡ ಗುಣ ಅಂದ್ರೆ ಆ ಕಡೆ ಮೆಷೀನಲ್ಲಿ ಏಜೆಂಟ್ ಅಂತ ಏನೂ ಹಾಕ್ಬೇಕಿಲ್ಲ, ಲಿನಕ್ಸ್ ಆದ್ರೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ದಾರಿ) ಮತ್ತೆ ಪೈಥಾನ್ ಇದ್ರೆ ಸಾಕು. ಯಾಮಲ್ ಅನ್ನೋ ಸುಲಭವಾಗಿ ಓದೋಕಾಗೋ ಟೆಕ್ಸ್ಟ್ ಫೈಲಲ್ಲಿ ಯಾವ ಪ್ಯಾಕೇಜ್ ಇರ್ಬೇಕು, ಯಾವ ಫೈಲ್ ಎಲ್ಲಿರ್ಬೇಕು ಅಂತ ಬರೀತೀರ, ಅದನ್ನ ಪ್ಲೇಬುಕ್ ಅಂತಾರೆ, ಅದನ್ನ ಓಡಿಸಿದ್ರೆ ಆಗಲೇ ಸರಿಯಿರೋ ಮೆಷೀನನ್ನ ಮುಟ್ಟಲ್ಲ, ಸರಿಯಿಲ್ಲದ್ದನ್ನ ಮಾತ್ರ ಸರಿ ಮಾಡತ್ತೆ. ಒಂದೇ ಪ್ಲೇಬುಕ್ ಹತ್ತು ಸಲ ಓಡಿಸಿದ್ರೂ ತೊಂದ್ರೆ ಇಲ್ಲ. ಆದ್ರೆ ಇಲ್ಲೊಂದು ಎಚ್ಚರಿಕೆ, ಶೆಲ್ ಮಾಡ್ಯೂಲ್ ಹಾಕಿ ಕಮಾಂಡ್ ಬರೆದ್ರೆ ಈ ಗುಣ ಹೋಗ್ಬಿಡತ್ತೆ, ಅದು ಪ್ರತಿ ಸಲನೂ ಕಣ್ಮುಚ್ಚಿ ಓಡತ್ತೆ, ಬ್ಯಾಷ್ ಸ್ಕ್ರಿಪ್ಟ್ ಬರೆದು ರೂಢಿ ಇರೋರು ಎಲ್ಲನೂ ಶೆಲ್ಲಲ್ಲೇ ಬರೆದುಬಿಡ್ತಾರೆ, ಆಮೇಲೆ ಆನ್ಸಿಬಲ್ ಹಾಕಿ ಏನು ಉಪಯೋಗ ಆಯ್ತು ಅಂತ ಕೇಳ್ತಾರೆ.

ಬಿಟ್ಟುಹೋದ ಮೆಷೀನಿನ ವಿಷಯಕ್ಕೆ ಬಂದ್ರೆ, ಪ್ಲೇಬುಕ್ ಓಡಿ ಮುಗಿದ ಮೇಲೆ ಕೊನೆಗೆ ಪ್ರತಿ ಮೆಷೀನಿಗೂ ಒಂದು ಸಾಲಿನ ಲೆಕ್ಕ ಕೊಡತ್ತೆ, ಎಷ್ಟು ಟಾಸ್ಕ್ ಓಕೆ, ಎಷ್ಟು ಬದಲಾಯ್ತು, ಎಷ್ಟು ಫೇಲ್, ಮೆಷೀನ್ ಸಿಗ್ತೋ ಇಲ್ವೋ. ಅವತ್ತು ರಾತ್ರಿ ನನ್ನ ಹತ್ರ ಈ ಲೆಕ್ಕ ಇದ್ದಿದ್ರೆ ಆ ಹುಡುಗಿ ಪರೀಕ್ಷೆ ನೆಟ್ಟಗಾಗ್ತಿತ್ತು. ಆದ್ರೆ ಸಿಗದೇ ಇದ್ದ ಮೆಷೀನು ನಾಳೆ ಆನ್ ಆದ್ರೆ ಆನ್ಸಿಬಲ್‌ಗೆ ಗೊತ್ತಾಗಲ್ಲ, ನೀವೇ ನೆನಪಿಟ್ಕೊಂಡು ಮತ್ತೆ ಓಡಿಸ್ಬೇಕು. ಟರ್ಮಿನಲ್ ಮುಚ್ಚಿದ್ರೆ ಆ ಲೆಕ್ಕನೂ ಹೋಯ್ತು. ಇದಕ್ಕೆ ಎಡಬ್ಲ್ಯುಎಕ್ಸ್ ಅಥವಾ ಸೆಮಫೋರ್ ಥರದ್ದು ಹಾಕ್ಕೊಂಡ್ರೆ ವೆಬ್ ಸ್ಕ್ರೀನಲ್ಲಿ ಹಳೇ ರನ್ ಎಲ್ಲ ಉಳಿಯತ್ತೆ, ಟೈಮ್ ಹಾಕಿ ತಾನಾಗೇ ಓಡೋ ಹಾಗೂ ಮಾಡಬಹುದು, ಚಿಕ್ಕ ಜಾಗಕ್ಕೆ ಸೆಮಫೋರ್ ಹಗುರ, ಎಡಬ್ಲ್ಯುಎಕ್ಸ್ ನಿಭಾಯಿಸೋದೇ ಇನ್ನೊಂದು ಕೆಲಸ ಆಗತ್ತೆ.

ಸ್ಪೀಡ್ ಬಗ್ಗೆ ದೂರೋರು ಒಂದು ಸೆಟ್ಟಿಂಗ್ ನೋಡಿರಲ್ಲ. ಡೀಫಾಲ್ಟ್ ಆಗಿ ಒಂದು ಸಲಕ್ಕೆ 5 ಮೆಷೀನಿಗೆ ಮಾತ್ರ ಹೋಗತ್ತೆ, ಫೋರ್ಕ್ಸ್ ಅನ್ನೋದನ್ನ 30ಕ್ಕೋ 40ಕ್ಕೋ ಏರಿಸಿದ್ರೆ ಲ್ಯಾಬಿಗೆ ಲ್ಯಾಬೇ ಬೇಗ ಮುಗಿಯತ್ತೆ. ವಿಂಡೋಸಿಗೆ ಕೂಡ ಆಗತ್ತೆ ಆದ್ರೆ ಮೊದಲು ಪ್ರತಿ ಮೆಷೀನಲ್ಲೂ ವಿನ್‌ಆರ್‌ಎಂ (ವಿಂಡೋಸನ್ನ ದೂರದಿಂದ ನಡೆಸೋ ಸರ್ವಿಸ್) ಅಥವಾ ಎಸ್‌ಎಸ್‌ಎಚ್ ಆನ್ ಮಾಡಿರ್ಬೇಕು, ಮತ್ತೆ ಆನ್ಸಿಬಲ್ ಓಡಿಸೋ ಮೆಷೀನು ಲಿನಕ್ಸೋ ಮ್ಯಾಕೋ ಆಗಿರ್ಬೇಕು, ಇಲ್ಲ ವಿಂಡೋಸ್ ಒಳಗೆ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ ಆದ್ರೂ ಇರ್ಬೇಕು.

ಇದರಲ್ಲೇ ಆನ್ಸಿಬಲ್ ಪುಲ್ ಅಂತ ಇನ್ನೊಂದು ದಾರಿ ಇದೆ, ಜಾಸ್ತಿ ಜನ ನೋಡಲ್ಲ, ನನಗೆ ಬಹಳ ಇಷ್ಟ. ಪ್ಲೇಬುಕ್ಕನ್ನ ಗಿಟ್ ರೆಪೋದಲ್ಲಿ (ಫೈಲಿನ ಹಳೇ ಹೊಸ ವರ್ಷನ್ ಎಲ್ಲ ಉಳಿಸೋ ಜಾಗ) ಇಡ್ತೀರ, ಪ್ರತಿ ಮೆಷೀನೂ ಆನ್ ಆದಾಗ, ಮತ್ತೆ ಗಂಟೆಗೊಂದ್ಸಲ, ತಾನೇ ಹೋಗಿ ಹೊಸ ಪ್ಲೇಬುಕ್ ತಂದು ತನ್ನ ಮೇಲೆ ಓಡಿಸ್ಕೊಳತ್ತೆ. ಸರ್ವರ್ ಅಂತ ಬೇಕಿರೋದು ಗಿಟ್ ಒಂದೇ. ಎಂಸಿಬಿ ಇಳಿಸಿ ಹೋಗೋ ಜಾಗಕ್ಕೆ ಇದು ಹೇಳಿ ಮಾಡಿಸಿದ್ದು. ಆದ್ರೆ ಓಡ್ತೋ ಇಲ್ವೋ ಅಂತ ನಿಮಗೆ ಯಾರೂ ಹೇಳಲ್ಲ, ಪ್ಲೇಬುಕ್ಕಿನ ಕೊನೇ ಟಾಸ್ಕ್ ಆಗಿ ನಾನು ಬಂದಿದ್ದೆ ಅಂತ ಹೆಸರು ಮತ್ತೆ ಟೈಮ್ ಒಂದು ಸರ್ವರಿಗೆ ಕಳಿಸೋದನ್ನ ನೀವೇ ಬರ್ಕೋಬೇಕು. ಹತ್ತು ಸಾಲಿನ ಕೆಲಸ, ತಪ್ಪಿಸ್ಬೇಡಿ.

ಪಪೆಟ್

ಲೂಕ್ ಕೇನೀಸ್ 2005ರಲ್ಲಿ ತಂದಿದ್ದು, ಪಕ್ಕಾ ಪುಲ್ ಜಾತಿ. ಪ್ರತಿ ಮೆಷೀನಿನ ಏಜೆಂಟ್ 30 ನಿಮಿಷಕ್ಕೊಂದ್ಸಲ ಸರ್ವರ್ ಹತ್ರ ಬರತ್ತೆ, ನಾನು ಹೇಗಿರ್ಬೇಕು ಅಂತ ಕೇಳತ್ತೆ, ಹಾಗಿಲ್ಲ ಅಂದ್ರೆ ತನ್ನನ್ನ ತಾನೇ ಸರಿ ಮಾಡ್ಕೊಂಡು ರಿಪೋರ್ಟ್ ಕೊಟ್ಟು ಹೋಗತ್ತೆ. ಮೂರು ವಾರ ಆಫ್ ಇದ್ದ ಮೆಷೀನು ಆನ್ ಆದ್ರೂ ಅರ್ಧ ಗಂಟೆಯೊಳಗೆ ಉಳಿದವ್ರ ಸಮಕ್ಕೆ ಬಂದಿರತ್ತೆ, ಯಾರೂ ನೆನಪಿಟ್ಕೋಬೇಕಿಲ್ಲ. ಯಾರೋ ಕೈಯಲ್ಲಿ ಸೆಟ್ಟಿಂಗ್ ಬದಲಾಯಿಸಿದ್ರೂ ವಾಪಸ್ ತಿರುಗಿಸಿಬಿಡತ್ತೆ. ಬಿಟ್ಟುಹೋದ ಮೆಷೀನ್ ಅನ್ನೋ ನನ್ನ ಪ್ರಶ್ನೆಗೆ ಎಲ್ಲಕ್ಕಿಂತ ಒಳ್ಳೇ ಉತ್ತರ ಇದರದ್ದೇ, ಇದನ್ನ ಒಪ್ಕೋಬೇಕು.

ಬೆಲೆ ಏನಂದ್ರೆ ಕಲಿಯೋಕೆ ಟೈಮ್ ಬೇಕು, ಅದರದ್ದೇ ಒಂದು ಭಾಷೆ ಇದೆ, ಸರ್ವರಿಗೆ ಒಳ್ಳೇ ರ‍್ಯಾಮ್ ಬೇಕು, ಪ್ರತಿ ಏಜೆಂಟಿಗೂ ಸರ್ಟಿಫಿಕೇಟ್ (ಅದರ ಡಿಜಿಟಲ್ ಗುರುತಿನ ಚೀಟಿ) ಸೈನ್ ಮಾಡ್ಬೇಕು, ಆ ಸರ್ಟಿಫಿಕೇಟ್ ಡೀಫಾಲ್ಟ್ ಆಗಿ 5 ವರ್ಷಕ್ಕೆ ಮುಗಿಯತ್ತೆ. ಹಾಕಿದವ್ರು ಕೆಲಸ ಬಿಟ್ಟು ಹೋಗಿ, ಐದನೇ ವರ್ಷ ಒಂದಿನ ಎಲ್ಲ ಏಜೆಂಟೂ ಒಟ್ಟಿಗೆ ಮಾತು ನಿಲ್ಲಿಸಿದ್ರೆ ಹೊಸಬರಿಗೆ ತಲೆಬುಡ ಗೊತ್ತಾಗಲ್ಲ, ಮುಗಿಯೋ ತಾರೀಕನ್ನ ಎಲ್ಲಾದ್ರೂ ದೊಡ್ಡದಾಗಿ ಬರೆದಿಡಿ.

ಈ ಸರ್ಟಿಫಿಕೇಟ್ ವಿಷಯದಲ್ಲಿ ಹಳೇ ಡೆಸ್ಕ್‌ಟಾಪ್ ಇರೋರಿಗೆ ಒಂದು ಮಾತು. ತಾರೀಕು ಟೈಮ್ ಉಳಿಸೋ ಮದರ್‌ಬೋರ್ಡಿನ ಸಿಮಾಸ್ ಬ್ಯಾಟರಿ ಹೋಗಿದ್ರೆ ಕರೆಂಟ್ ತೆಗೆದು ಹಾಕಿದಾಗೆಲ್ಲ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗತ್ತೆ, ಆ ಮೆಷೀನಿನ ಲೆಕ್ಕದಲ್ಲಿ ನಿಮ್ಮ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇರಲ್ಲ, ಪಪೆಟ್ ಏಜೆಂಟ್ ಕನೆಕ್ಟ್ ಆಗಲ್ಲ, ವಿಂಡೋಸ್ ಅಪ್‌ಡೇಟೂ ಆಗಲ್ಲ, ಎಚ್‌ಟಿಟಿಪಿಎಸ್ ಮೇಲೆ ಗಿಟ್ ಇಂದ ತರೋದೂ ಆಗಲ್ಲ. ಎಸ್‌ಎಸ್‌ಎಚ್ ಕೀ ಮಾತ್ರ ತಾರೀಕು ಕೇಳಲ್ಲ, ಹಾಗಾಗಿ ಆನ್ಸಿಬಲ್ ಪುಶ್ ಅಂಥ ಮೆಷೀನಿಗೂ ಹೋಗತ್ತೆ, ಹೋಗಿ ತಾರೀಕನ್ನೇ ಸರಿ ಮಾಡಿ ಬರಬಹುದು. ಪುಲ್ ಹಾಕಿದ್ರೂ ಆನ್ಸಿಬಲ್ ಒಂದು ಕೈಯಲ್ಲಿ ಇಟ್ಕೊಂಡಿರಿ ಅಂತ ನಾನು ಹೇಳೋದಕ್ಕೆ ಇದೂ ಒಂದು ಕಾರಣ.

ಪಪೆಟ್ ಕಂಪನಿನ 2022ರಲ್ಲಿ ಪರ್ಫೋರ್ಸ್ ತಗೊಳ್ತು, 2024ರ ಕೊನೇಲಿ ಇನ್ಮೇಲೆ ಹೊಸ ಪ್ಯಾಕೇಜುಗಳನ್ನ ಎಲ್ಲರಿಗೂ ತೆರೆದ ಜಾಗದಲ್ಲಿ ಇಡಲ್ಲ ಅಂತ ಹೇಳ್ತು. ಆಗ ವಾಕ್ಸ್ ಪುಪುಲಿ ಅನ್ನೋ ಸಮುದಾಯದವ್ರು ಅದೇ ಕೋಡ್ ತಗೊಂಡು 2025ರ ಆರಂಭದಲ್ಲಿ ಓಪನ್‌ವಾಕ್ಸ್ ಅಂತ ಬಿಟ್ರು. ಇವತ್ತು ಹೊಸದಾಗಿ ಶುರು ಮಾಡೋರು ದುಡ್ಡು ಕೊಡೋ ಹಾಗಿಲ್ಲ ಅಂದ್ರೆ ಓಪನ್‌ವಾಕ್ಸ್ ಹಾಕ್ಕೊಳ್ಳಿ, ಪಪೆಟ್‌ಗೆ ಬರೆದಿಟ್ಟ ಹಳೇ ಫೈಲ್ (ಮ್ಯಾನಿಫೆಸ್ಟ್) ಎಲ್ಲ ಹಾಗೇ ನಡಿಯತ್ತೆ.

ಸಾಲ್ಟ್, ಮತ್ತೆ ಉಳಿದವು

ಸಾಲ್ಟ್ ನನಗೆ ಶಾಖೆಗಳಿಗೆ ಹಿಡಿಸಿದ್ದು. ಥಾಮಸ್ ಹ್ಯಾಚ್ 2011ರಲ್ಲಿ ಬಿಟ್ಟಿದ್ದು. ಪ್ರತಿ ಮೆಷೀನಲ್ಲೂ ಮಿನಿಯನ್ ಅಂತ ಏಜೆಂಟ್ ಇರತ್ತೆ, ಅದು ತಾನಾಗೇ ಮಾಸ್ಟರ್‌ಗೆ ಕನೆಕ್ಟ್ ಆಗಿ ಆ ಕನೆಕ್ಷನ್ ಹಿಡ್ಕೊಂಡೇ ಕೂತಿರತ್ತೆ, 4505 ಮತ್ತೆ 4506 ಪೋರ್ಟ್. ಶಾಖೆ ಕಡೆ ರೂಟರಲ್ಲಿ ಏನೂ ಓಪನ್ ಮಾಡ್ಬೇಕಿಲ್ಲ, ಸಾಮಾನ್ಯ ಬ್ರಾಡ್‌ಬ್ಯಾಂಡ್ ಇದ್ರೂ ಸರಿ ಮೊಬೈಲ್ ಡೇಟಾ ಡಾಂಗಲ್ ಇದ್ರೂ ಸರಿ. ಈ ಅನುಕೂಲ ಆನ್ಸಿಬಲ್ ಪುಶ್‌ಗಿಲ್ಲ, ಅದಕ್ಕೆ ಶಾಖೆ ಒಳಗೆ ಹೋಗೋಕೆ ವಿಪಿಎನ್ ಬೇಕು. ಎಲ್ಲ ಮೆಷೀನಿಗೂ ಒಂದು ಪ್ರಶ್ನೆ ಕೇಳಿದ್ರೆ ಸೆಕೆಂಡುಗಳಲ್ಲಿ ಉತ್ತರ ಬರತ್ತೆ, ಯಾವ ಶಾಖೆಯಲ್ಲಿ ಡಿಸ್ಕ್ ತುಂಬಿದೆ, ಎಲ್ಲಿ ಪ್ರಿಂಟ್ ಸ್ಪೂಲರ್ ನಿಂತಿದೆ ಅಂತ ಫೋನ್ ಬರೋಕೆ ಮುಂಚೆ ಗೊತ್ತಾಗತ್ತೆ. ಸಿಗದೇ ಇರೋ ಮಿನಿಯನ್ ಪಟ್ಟಿನೂ ಒಂದೇ ಕಮಾಂಡಲ್ಲಿ ಬರತ್ತೆ. ಆನ್ ಆದ ಕೂಡ್ಲೇ ಪೂರ್ತಿ ಸ್ಟೇಟ್ (ಮೆಷೀನು ಹೇಗಿರ್ಬೇಕು ಅಂತ ಬರೆದಿಟ್ಟಿದ್ದು) ಓಡಿಸ್ಕೋ ಅಂತ ಮಿನಿಯನ್ ಕಾನ್ಫಿಗಲ್ಲೇ ಒಂದು ಸಾಲು ಹಾಕಬಹುದು, ಅದನ್ನ ಹಾಕಿದ್ರೆ ಪುಶ್ ಮತ್ತೆ ಪುಲ್ ಎರಡೂ ಸಿಕ್ಕ ಹಾಗೆ.

ಆದ್ರೆ ಮಾಸ್ಟರನ್ನ ಇಂಟರ್ನೆಟ್ಟಿಗೆ ಬಿಟ್ಟು ಕೂತ್ಕೋಬೇಡಿ. 2020ರ ಏಪ್ರಿಲ್ ಕೊನೇಲಿ ಸಾಲ್ಟ್ ಮಾಸ್ಟರಲ್ಲಿ ಪಾಸ್‌ವರ್ಡೇ ಬೇಕಿಲ್ಲದೆ ಒಳಗೆ ಬರೋ ದೋಷ ಬಯಲಾಯ್ತು, ಕೆಲವೇ ದಿನದಲ್ಲಿ ಲಿನಿಯೇಜ್‌ಓಎಸ್, ಘೋಸ್ಟ್ ಥರದ ಹೆಸರಿರೋ ಕಡೆಗಳ ಸರ್ವರಿಗೇ ನುಗ್ಗಿದ್ರು. ಮಾಸ್ಟರ್ ಒಂದು ಕೈಗೆ ಸಿಕ್ರೆ ಎಲ್ಲ ಮೆಷೀನಿನ ರೂಟ್ (ಪೂರ್ತಿ ಅಧಿಕಾರ) ಕೈಗೆ ಸಿಕ್ಕ ಹಾಗೆ, ಇದು ಸಾಲ್ಟಿಗೆ ಮಾತ್ರ ಅಲ್ಲ ಪಪೆಟ್ ಸರ್ವರಿಗೂ ಆನ್ಸಿಬಲ್ ಕೀ ಇರೋ ಲ್ಯಾಪ್‌ಟಾಪಿಗೂ ಅನ್ವಯ ಆಗತ್ತೆ. ಶಾಖೆಗಳ ಐಪಿಗೆ ಮಾತ್ರ ಆ ಎರಡು ಪೋರ್ಟ್ ಬಿಡಿ, ಐಪಿ ಬದಲಾಗ್ತಿದ್ರೆ ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಿ ಅದರೊಳಗೆ ಓಡಿಸಿ. ಸಾಲ್ಟಿನ ಕಂಪನಿನೂ ಕೈ ಬದಲಾಗಿದೆ, 2020ರಲ್ಲಿ ವಿಎಂವೇರ್, ವಿಎಂವೇರನ್ನೇ 2023ರಲ್ಲಿ ಬ್ರಾಡ್‌ಕಾಮ್ ತಗೊಳ್ತು, 2024ರ ಕೊನೇಲಿ ಪ್ಯಾಕೇಜ್ ಸಿಗೋ ವಿಳಾಸನೇ ಬದಲಾಗಿ ಹಳೇ ಇನ್‌ಸ್ಟಾಲ್ ಸ್ಕ್ರಿಪ್ಟುಗಳು ಮುರಿದುಬಿದ್ವು. ಯಾವ ಟೂಲ್ ತಗೊಂಡ್ರೂ ಅದರ ಪ್ಯಾಕೇಜ್ ಕಾಪಿ ನಿಮ್ಮದೇ ಸರ್ವರಲ್ಲಿ ಒಂದಿರಲಿ.

ಶೆಫ್ ಬಗ್ಗೆ ಹೆಚ್ಚು ಹೇಳೋದಿಲ್ಲ, 2009ರಿಂದ ಇದೆ, ರೂಬಿ ಭಾಷೆಯಲ್ಲಿ ಕೋಡ್ ಬರೆಯೋಕೆ ಬರೋ ತಂಡ ಇದ್ರೆ ನೋಡಿ, ಇಬ್ಬರು ಮೂವರು ಇರೋ ಐಟಿ ಸೆಕ್ಷನ್ನಿಗೆ ನಾನು ಹೇಳಲ್ಲ. ಸಿಎಫ್‌ಎಂಜಿನ್ ಇವೆಲ್ಲದರ ಹಿರಿಯಣ್ಣ, ಮಾರ್ಕ್ ಬರ್ಜೆಸ್ ನಾರ್ವೆಯಲ್ಲಿದ್ದಾಗ 1993ರಲ್ಲಿ ಶುರು ಮಾಡಿದ್ದು, ಏಜೆಂಟ್ ಬಹಳ ಹಗುರ, ಆದ್ರೆ ಸಂಶಯ ಬಂದಾಗ ಕೇಳೋಕೆ ಗೊತ್ತಿರೋ ಜನ ಸಿಗೋದು ಕಷ್ಟ.

ಇನ್ನೊಂದು ಹೇಳ್ಬೇಕು. ಬರೀ ಉಬುಂಟು ಅಥವಾ ಡೆಬಿಯನ್ ಹತ್ತು ಮೆಷೀನಿದೆ, ಸೆಕ್ಯುರಿಟಿ ಅಪ್‌ಡೇಟ್ ಆದ್ರೆ ಸಾಕು ಅನ್ನೋರಿಗೆ ಈ ಯಾವ ಟೂಲೂ ಬೇಡ. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಅಂತ ಪ್ಯಾಕೇಜ್ ಇದೆ, ಅದನ್ನ ಆನ್ ಮಾಡಿ ಮೇಲ್ ಐಡಿ ಕೊಟ್ಟುಬಿಡಿ, ಮುಗೀತು.

ವಿಂಡೋಸ್ ಜಾಸ್ತಿ ಇದ್ರೆ

ನಮ್ಮಲ್ಲಿ ಬಹಳ ಕಡೆ ಪರಿಸ್ಥಿತಿ ಇದೇ, ಹಾಗಾಗಿ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೊದಲು ನೋಡ್ಬೇಕಾದ್ದು ಹೋಮ್ ಎಡಿಷನ್ನಾ ಪ್ರೋನಾ ಅಂತ. ಹೋಮ್ ಆದ್ರೆ ಡೊಮೇನಿಗೆ (ಎಲ್ಲ ವಿಂಡೋಸ್ ಮೆಷೀನನ್ನ ಒಂದು ಸರ್ವರಿಂದ ನಡೆಸೋ ವ್ಯವಸ್ಥೆ) ಸೇರಿಸೋಕಾಗಲ್ಲ, ಅಲ್ಲಿಂದ ಸೆಟ್ಟಿಂಗ್ ಕಳಿಸೋ ಗ್ರೂಪ್ ಪಾಲಿಸಿ ದಾರಿ ಅಲ್ಲಿಗೇ ಮುಚ್ಚಿತು. ಖರೀದಿ ಮಾಡುವಾಗ ಸ್ವಲ್ಪ ದುಡ್ಡು ಉಳಿಯತ್ತೆ ಅಂತ ಹೋಮ್ ತಗೊಂಡು ಆಮೇಲೆ ವರ್ಷಗಟ್ಲೆ ಪೆನ್ ಡ್ರೈವ್ ಹಿಡ್ಕೊಂಡು ಓಡಾಡೋದು ನೋಡಿದಾಗ ಬೇಜಾರಾಗತ್ತೆ, ಟೆಂಡರ್ ಬರೆಯೋರು ಈ ಒಂದು ಪದ ಸರಿಯಾಗಿ ಬರೆದ್ರೆ ಸಾಕು.

ಡೊಮೇನ್ ಇದ್ರೆ ಗ್ರೂಪ್ ಪಾಲಿಸಿಯಲ್ಲೇ ಸಾಫ್ಟ್‌ವೇರ್ ಇನ್‌ಸ್ಟಾಲ್ ಇದೆ, ಬೇರೆ ದುಡ್ಡು ಕೊಡ್ಬೇಕಿಲ್ಲ. ಆದ್ರೆ ಎಂಎಸ್‌ಐ ಅನ್ನೋ ಥರದ ಇನ್‌ಸ್ಟಾಲ್ ಫೈಲ್ ಮಾತ್ರ ತಗೊಳತ್ತೆ, ಮೆಷೀನಿಗೆ ಅಂತ ಕೊಟ್ಟಿದ್ದು ಬೂಟ್ ಆಗುವಾಗ ಮಾತ್ರ ಇನ್‌ಸ್ಟಾಲ್ ಆಗತ್ತೆ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿ ಆನ್ ಮಾಡಿದ್ರೂ ಅದು ಪೂರ್ತಿ ಬೂಟ್ ಅಲ್ಲ, ಇನ್‌ಸ್ಟಾಲ್ ಆಗಿಲ್ಲ ಯಾಕೆ ಅಂತ ನಾನು ಎರಡು ದಿನ ಹುಡುಕಿದೀನಿ, ಕೊನೆಗೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದ್ಮೇಲೆ ಸರಿಹೋಯ್ತು. ನನ್ನ ಪ್ರಶ್ನೆಗೆ ಇದು ಅರ್ಧ ಉತ್ತರ ಕೊಡತ್ತೆ, ಬಿಟ್ಟುಹೋದ ಮೆಷೀನು ಮುಂದಿನ ಬೂಟಲ್ಲಿ ತಾನೇ ಹಾಕ್ಕೊಳತ್ತೆ, ಆದ್ರೆ ಹಾಕ್ಕೊಂಡ್ತಾ ಅಂತ ನಿಮಗೆ ಒಂದೇ ಜಾಗದಲ್ಲಿ ನೋಡೋಕೆ ಸಿಗಲ್ಲ.

ಡಬ್ಲ್ಯುಎಸ್‌ಯುಎಸ್ ಅನ್ನೋ ಸರ್ವರ್ ಟೂಲ್ ಮೈಕ್ರೋಸಾಫ್ಟ್ ಅಪ್‌ಡೇಟಿಗೆ, ಹೊರಗಿನ ಸಾಫ್ಟ್‌ವೇರಿಗಲ್ಲ. ಅಪ್‌ಡೇಟನ್ನ ಒಂದೇ ಸಲ ಡೌನ್‌ಲೋಡ್ ಮಾಡಿ ಒಳಗಿನ ಮೆಷೀನಿಗೆಲ್ಲ ಹಂಚತ್ತೆ, ಯಾವ ಮೆಷೀನು ಎಷ್ಟು ದಿನದಿಂದ ರಿಪೋರ್ಟ್ ಮಾಡಿಲ್ಲ ಅಂತ ತೋರ್ಸತ್ತೆ, ಈ ವಿಷಯದಲ್ಲಿ ನನಗೆ ಅದರ ಮೇಲೆ ಗೌರವ ಇದೆ. ಆದ್ರೆ 2024ರ ಸೆಪ್ಟೆಂಬರಲ್ಲಿ ಮೈಕ್ರೋಸಾಫ್ಟ್ ಇದಕ್ಕೆ ಇನ್ನು ಹೊಸ ಫೀಚರ್ ಸೇರಿಸಲ್ಲ ಅಂತ ಘೋಷಿಸಿದೆ. ವಿಂಡೋಸ್ ಸರ್ವರ್ 2025ರಲ್ಲೂ ಇದೆ, ನಾಳೆನೇ ಹೋಗಲ್ಲ, ಇರೋದನ್ನ ನಡೆಸ್ಕೊಂಡು ಹೋಗಿ, ಹೊಸದಾಗಿ ಕಟ್ಟೋ ಮುಂಚೆ ಯೋಚ್ನೆ ಮಾಡಿ.

ಇಂಟ್ಯೂನ್ ಅನ್ನೋ ಮೈಕ್ರೋಸಾಫ್ಟಿನ ಕ್ಲೌಡ್ ಟೂಲಿಗೆ ಡೊಮೇನ್ ಬೇಡ, ಸರ್ವರ್ ಬೇಡ, ಮೆಷೀನು ಎಲ್ಲೇ ಇದ್ರೂ ಇಂಟರ್ನೆಟ್ ಇದ್ರೆ ಸಾಕು, ಸುಮಾರು 8 ಗಂಟೆಗೊಂದ್ಸಲ ಬಂದು ಕೇಳತ್ತೆ, ಕೊನೇ ಸಲ ಯಾವಾಗ ಬಂದಿತ್ತು ಅನ್ನೋದು ಪಟ್ಟಿಯಲ್ಲೇ ಇರತ್ತೆ. ಮನೆಯಿಂದ ಕೆಲಸ ಮಾಡೋ ಲ್ಯಾಪ್‌ಟಾಪ್ ಜಾಸ್ತಿ ಇರೋ ಕಂಪನಿಗೆ ಇದಕ್ಕಿಂತ ಸುಲಭದ್ದು ನಾನು ಕಂಡಿಲ್ಲ. ತಲೆಗೆ ಇಷ್ಟು ಅಂತ ತಿಂಗಳು ತಿಂಗಳು ದುಡ್ಡು ಹೋಗತ್ತೆ, ಮತ್ತೆ ಈಗ್ಲೇ ಆಗ್ಬೇಕು ಅಂದ್ರೆ ಆಗಲ್ಲ, ಅದು ತನಗೆ ಬಂದಾಗ ಮಾಡತ್ತೆ, ನಾಳೆ ಬೆಳಗ್ಗೆ ಎಕ್ಸಾಮ್ ಇರೋ ಲ್ಯಾಬಿಗೆ ಈ ಸ್ವಭಾವ ಹೊಂದಲ್ಲ.

ಚಾಕೊಲೇಟಿ ಅಂತ ಇದೆ, ಲಿನಕ್ಸಲ್ಲಿ ಕಮಾಂಡಲ್ಲೇ ಸಾಫ್ಟ್‌ವೇರ್ ಹಾಕೋಕೆ ಆಪ್ಟ್ ಇದ್ದ ಹಾಗೆ ವಿಂಡೋಸಿಗೆ. ಆನ್ಸಿಬಲ್ ಮತ್ತೆ ಚಾಕೊಲೇಟಿ ಜೋಡಿ ಮಾಡಿದ್ರೆ ಡೊಮೇನ್ ಇಲ್ದೇನೇ ಒಂದು ಲ್ಯಾಬ್ ಚೆನ್ನಾಗಿ ನಡೆಸಬಹುದು. ಒಂದೇ ಐಪಿಯಿಂದ ಅರವತ್ತು ಮೆಷೀನು ಒಟ್ಟಿಗೆ ಅವರ ಪಬ್ಲಿಕ್ ಸರ್ವರಿಗೆ ಹೋದ್ರೆ ತಡೀತಾರೆ, ಒಳಗಡೆ ನಿಮ್ಮದೇ ರೆಪೊಸಿಟರಿ ಇಟ್ಕೊಳ್ಳಿ. ವಿಂಗೆಟ್ ಅನ್ನೋ ಇಂಥದ್ದೇ ಟೂಲ್ ವಿಂಡೋಸ್ ಜೊತೇಲೇ ಬರತ್ತೆ ನಿಜ, ಆದ್ರೆ ಯೂಸರ್ ಲಾಗಿನ್ ಆಗಿರೋವಾಗ ಚೆನ್ನಾಗಿ ನಡಿಯತ್ತೆ, ಹಿಂದಿನಿಂದ ಸಿಸ್ಟಂ ಅಕೌಂಟಲ್ಲಿ ಓಡಿಸೋಕೆ ಹೋದ್ರೆ ಪರದಾಟ.

ಯಾವ ದಾರಿ ಹಿಡಿದ್ರೂ ಕೊನೆಗೆ ಒಂದು ಗೋಡೆ ಸಿಗತ್ತೆ, ಕೆಲವು ಸಾಫ್ಟ್‌ವೇರಿಗೆ ಸೈಲೆಂಟ್ ಇನ್‌ಸ್ಟಾಲೇ ಇರಲ್ಲ, ನೆಕ್ಸ್ಟ್ ನೆಕ್ಸ್ಟ್ ಒತ್ತಲೇಬೇಕು. ಲೋಕಲ್ ವೆಂಡರ್ ಮಾಡಿಕೊಟ್ಟ ಅಕೌಂಟ್ ಪ್ಯಾಕೇಜುಗಳಲ್ಲಿ ಇದು ಸಾಮಾನ್ಯ. ಖರೀದಿಗೆ ಮುಂಚೆನೇ ಸೈಲೆಂಟ್ ಇನ್‌ಸ್ಟಾಲ್ ಇದೆಯಾ ಅಂತ ಕೇಳಿ, ಬರಹದಲ್ಲಿ ಉತ್ತರ ತಗೊಳ್ಳಿ. ಕನ್ನಡ ಫಾಂಟುಗಳ ವಿಷಯದಲ್ಲಿ ನಾನು ಮಾಡೋದು ಬೇರೆ, ಶಾಖೆಗಳಲ್ಲಿ ಹಳೇ ನೋಟೀಸು ಪತ್ರ ಎಲ್ಲ ನುಡಿ ಫಾಂಟಲ್ಲೇ ಇರತ್ತೆ, ಒಂದು ಮೆಷೀನಲ್ಲಿ ಫಾಂಟ್ ಇಲ್ಲ ಅಂದ್ರೆ ಆ ಪತ್ರ ಬರೀ ಇಂಗ್ಲಿಷ್ ಅಕ್ಷರ ಚೆಲ್ಲಿದ ಹಾಗೆ ಕಾಣತ್ತೆ, ಹಾಗಾಗಿ ಫಾಂಟ್ ಫೈಲುಗಳನ್ನ ಕಾಪಿ ಮಾಡಿ ರಿಜಿಸ್ಟ್ರಿಯಲ್ಲಿ ಸೇರಿಸೋದನ್ನೂ ಒಂದು ಟಾಸ್ಕ್ ಮಾಡಿ ಇಟ್ಟಿದೀನಿ, ಹೊಸ ಮೆಷೀನ್ ಬಂದ ದಿನವೇ ಅದು ಹೋಗಿ ಕೂರತ್ತೆ.

ಇಮೇಜ್ ಹೊಡಿಯೋದು ಇನ್ನೊಂದು ಪದ್ಧತಿ. ಒಂದು ಮೆಷೀನ್ ರೆಡಿ ಮಾಡಿ ಫಾಗ್ ಪ್ರಾಜೆಕ್ಟಲ್ಲೋ ಕ್ಲೋನ್‌ಜಿಲ್ಲಾದಲ್ಲೋ ಉಳಿದಿದ್ದಕ್ಕೆಲ್ಲ ಅದೇ ಕಾಪಿ. ರಜೆಯಲ್ಲಿ ಲ್ಯಾಬನ್ನ ಮೊದಲಿಂದ ಕಟ್ಟೋಕೆ ಇದೇ ಬೆಸ್ಟ್, ಎಲ್ಲ ಒಂದೇ ಹಾರ್ಡ್‌ವೇರ್ ಇದ್ರೆ ಇನ್ನೂ ಸುಲಭ. ಕಾಪಿ ತೆಗೆಯೋ ಮುಂಚೆ ಸಿಸ್‌ಪ್ರೆಪ್ (ಆ ಮೆಷೀನಿನ ಸ್ವಂತ ಗುರುತು ಅಳಿಸೋ ವಿಂಡೋಸ್ ಟೂಲ್) ಮಾಡೋದು ಮರೀಬೇಡಿ. ಆದ್ರೆ ವರ್ಷದ ಮಧ್ಯೆ ಒಂದು ಪ್ಯಾಕೇಜ್ ಸೇರಿಸೋಕೆ ಪೂರ್ತಿ ಇಮೇಜ್ ಹೊಡಿತೀನಿ ಅನ್ನೋದು ಸರಿಯಲ್ಲ, ಹುಡುಗರ ಫೈಲ್ ಎಲ್ಲ ಹೋಗತ್ತೆ. ತಳಪಾಯ ಇಮೇಜಲ್ಲಿ, ಮೇಲಿನದ್ದೆಲ್ಲ ಆನ್ಸಿಬಲ್ಲಲ್ಲಿ, ಹೀಗೆ ಮಾಡಿದ್ರೆ ಎರಡೂ ಟೂಲಿನ ಒಳ್ಳೇದು ಸಿಗತ್ತೆ.

ಲೈನಿನ ಲೆಕ್ಕ

ಟೂಲ್ ಎಷ್ಟೇ ಒಳ್ಳೇದಿರಲಿ ಈ ಲೆಕ್ಕ ಹಾಕ್ದೇ ಇದ್ರೆ ಬೆಳಗ್ಗೆ ಹತ್ತಕ್ಕೆ ಇಡೀ ಆಫೀಸಿನ ನೆಟ್ ನಿಲ್ಲತ್ತೆ. 60 ಮೆಷೀನು, ಒಂದಕ್ಕೆ 3 ಜಿಬಿ ಅಪ್‌ಡೇಟ್ ಅಂದ್ರೆ 180 ಜಿಬಿ, 50 ಎಂಬಿಪಿಎಸ್ ಲೈನಲ್ಲಿ ಬೇರೆ ಯಾರೂ ಏನೂ ಮಾಡ್ದೇ ಇದ್ರೂ 8 ಗಂಟೆ. ಅದೇ 3 ಜಿಬಿನ ಒಂದೇ ಸಲ ಒಳಗಿನ ಸರ್ವರಿಗೆ ಇಳಿಸ್ಕೊಂಡ್ರೆ 8 ನಿಮಿಷ, ಅಲ್ಲಿಂದ ಗಿಗಾಬಿಟ್ ಸ್ವಿಚ್ಚಲ್ಲಿ ಎಲ್ಲರಿಗೂ ಹಂಚೋಕೆ ಲೆಕ್ಕದ ಪ್ರಕಾರ 24 ನಿಮಿಷ, ವಾಸ್ತವದಲ್ಲಿ ಒಂದು ಗಂಟೆ ಅಂದ್ಕೊಳ್ಳಿ. ಡೆಬಿಯನ್ ಉಬುಂಟುಗೆ ಇಳಿಸಿದ ಪ್ಯಾಕೇಜ್ ಉಳಿಸಿಟ್ಟು ಹಂಚೋ ಆಪ್ಟ್ ಕ್ಯಾಶರ್ ಎನ್‌ಜಿ ಹಾಕಿ, ಒಂದು ಹಳೇ ಮೆಷೀನ್ ಸಾಕು. ವಿಂಡೋಸಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಅನ್ನೋದನ್ನ ಲೋಕಲ್ ನೆಟ್‌ವರ್ಕಿಗೆ ಮಾತ್ರ ಅಂತ ಇಟ್ರೆ ಪಕ್ಕದ ಮೆಷೀನಿಂದ್ಲೇ ತುಂಡು ತುಂಡಾಗಿ ತಗೊಳತ್ತೆ. ಶಾಖೆಗಳಲ್ಲಿ ಮೂರೋ ನಾಲ್ಕೋ ಮೆಷೀನ್ ಇರೋ ಕಡೆ ನಾನು ಇದನ್ನೇ ನಂಬಿರೋದು.

ಎಲ್ಲರಿಗೂ ಒಟ್ಟಿಗೆ ಬೇಡ, ತಡವೂ ಬೇಡ

2024ರ ಜುಲೈ 19 ನೆನಪಿರ್ಬೇಕು ಎಲ್ಲರಿಗೂ. ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿ ಕಳಿಸಿದ ಒಂದು ತಪ್ಪು ಫೈಲಿಂದ ಸುಮಾರು 85 ಲಕ್ಷ ವಿಂಡೋಸ್ ಮೆಷೀನು ನೀಲಿ ಸ್ಕ್ರೀನಿಗೆ ಬಿದ್ವು, ನಮ್ಮ ದೇಶದ ಏರ್‌ಪೋರ್ಟುಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ರು. ಅವರು 78 ನಿಮಿಷಕ್ಕೇ ಆ ಫೈಲ್ ವಾಪಸ್ ತಗೊಂಡ್ರೂ ಅಷ್ಟರಲ್ಲಿ ಎಲ್ಲ ಕಡೆ ಹೋಗಿ ಆಗಿತ್ತು, ಬಿದ್ದ ಮೆಷೀನು ಬೂಟೇ ಆಗ್ತಿರ್ಲಿಲ್ಲ, ಒಂದೊಂದರ ಮುಂದೆನೂ ಮನುಷ್ಯರೇ ಹೋಗಿ ನಿಲ್ಲಬೇಕಾಯ್ತು. ಒಂದು ವರ್ಷನ್ ಹಿಂದೆ ಇರ್ತೀವಿ ಅಂತ ಸೆಟ್ ಮಾಡಿಕೊಂಡಿದ್ದವರಿಗೂ ಬಿತ್ತು, ಯಾಕಂದ್ರೆ ಆ ಸೆಟ್ಟಿಂಗ್ ಈ ಥರದ ಫೈಲಿಗೆ ಅನ್ವಯ ಆಗ್ತಿರ್ಲಿಲ್ಲ.

ಇದನ್ನ ಕೇಳಿ ಅಪ್‌ಡೇಟೇ ಬೇಡ ಅಂತ ಆಫ್ ಮಾಡೋರಿಗೆ 2017 ಹೇಳ್ಬೇಕು. ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವಾನಾಕ್ರೈ ವೈರಸ್ ಹಬ್ಬಿದ್ದು ಮೇ 12ಕ್ಕೆ, ಅದನ್ನ ತಡೆಯೋ ಪ್ಯಾಚ್ ಮೈಕ್ರೋಸಾಫ್ಟ್ ಕೊಟ್ಟಿದ್ದು ಮಾರ್ಚ್ 14ಕ್ಕೆ. 59 ದಿನ ಇತ್ತು ಕೈಯಲ್ಲಿ.

ಹಾಗಾಗಿ ನಾನು ಮೂರು ಗುಂಪು ಮಾಡಿದೀನಿ. ಮೊದಲನೇ ದಿನ ನನ್ನ ಮೆಷೀನು ಮತ್ತೆ ಹೆಡ್ ಆಫೀಸಿನ ಎರಡು, ಮೂರನೇ ದಿನ ನಾಲ್ಕು ಶಾಖೆ, ಅದರಲ್ಲಿ ಒಂದು ಬೇಕಂತಲೇ ಹಳೇ ಹಾರ್ಡ್‌ವೇರ್ ಇರೋ ಶಾಖೆ, ಏಳನೇ ದಿನ ಉಳಿದಿದ್ದೆಲ್ಲ. ಬಹಳ ಗಂಭೀರ ದೋಷ ಆದ್ರೆ ಏಳು ದಿನನ ಎರಡಕ್ಕೆ ಇಳಿಸ್ತೀನಿ. ಆನ್ಸಿಬಲ್ಲಲ್ಲಿ ಸೀರಿಯಲ್, ಸಾಲ್ಟಲ್ಲಿ ಬ್ಯಾಚ್, ಇಂಟ್ಯೂನಲ್ಲಿ ಅಪ್‌ಡೇಟ್ ರಿಂಗ್, ಡಬ್ಲ್ಯುಎಸ್‌ಯುಎಸ್‌ನಲ್ಲಿ ಕಂಪ್ಯೂಟರ್ ಗ್ರೂಪ್, ಹೆಸರು ಬೇರೆ ಬೇರೆ, ಎಲ್ಲದರಲ್ಲೂ ಈ ವ್ಯವಸ್ಥೆ ಇದೆ. ಪಪೆಟ್ಟಲ್ಲಿ ಎನ್ವಿರಾನ್ಮೆಂಟ್ ಬೇರೆ ಮಾಡಿ ಇದನ್ನ ಸಾಧಿಸ್ಬೇಕು, ಸ್ವಲ್ಪ ಸುತ್ತು.

ನಾನಾದ್ರೆ ಏನು ಹಾಕ್ತೀನಿ

ಒಂದೇ ಕ್ಯಾಂಪಸ್ಸಿನ ಲಿನಕ್ಸ್ ಲ್ಯಾಬ್ ಆದ್ರೆ ಆನ್ಸಿಬಲ್, ಪುಶ್ ಎಕ್ಸಾಮಿನ ಮುಂಚಿನ ಅರ್ಜೆಂಟಿಗೆ, ಪುಲ್ ದಿನನಿತ್ಯಕ್ಕೆ, ಎರಡಕ್ಕೂ ಪ್ಲೇಬುಕ್ ಒಂದೇ ಸಾಕು. ವಿಂಡೋಸ್ ಲ್ಯಾಬ್ ಆದ್ರೆ ರಜೆಯಲ್ಲಿ ಫಾಗ್, ಮಧ್ಯೆ ಆನ್ಸಿಬಲ್ ಮತ್ತೆ ಚಾಕೊಲೇಟಿ. ಚದುರಿರೋ ಶಾಖೆಗಳಿಗೆ ಸಾಲ್ಟ್, ವೈರ್‌ಗಾರ್ಡ್ ಒಳಗೆ. ಇನ್ನೂರು ಮುನ್ನೂರು ಲಿನಕ್ಸ್ ಸರ್ವರ್ ಇದ್ದು ಆಡಿಟ್ ಬರೋ ಜಾಗ, ಕಲಿಯೋಕೆ ಮೂರು ತಿಂಗಳು ಕೊಡೋ ಮ್ಯಾನೇಜ್‌ಮೆಂಟ್ ಇದ್ರೆ ಓಪನ್‌ವಾಕ್ಸ್. ಲ್ಯಾಪ್‌ಟಾಪ್ ಜನ ಮತ್ತೆ ಬಜೆಟ್ ಎರಡೂ ಇದ್ರೆ ಇಂಟ್ಯೂನ್. ನಿಮ್ಮ ನಂತರ ಆ ಕುರ್ಚಿಗೆ ಬರೋರಿಗೆ ಯಾವುದು ಓದೋಕೆ ಬರತ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ, ಇದರಲ್ಲಿ ಯಾಮಲ್ ಇರೋ ಆನ್ಸಿಬಲ್ ಮತ್ತೆ ಸಾಲ್ಟ್ ಮುಂದೆ. ಎಲ್ಲ ವಿಂಡೋಸ್ ಮೆಷೀನಿಗೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಟ್ಟಿದ್ರೆ ಇದನ್ನೆಲ್ಲ ಶುರು ಮಾಡೋಕೆ ಮುಂಚೆ ಲ್ಯಾಪ್ಸ್ ಹಾಕಿ, 2023ರ ಏಪ್ರಿಲಿಂದ ವಿಂಡೋಸ್ ಒಳಗೇ ಬರತ್ತೆ, ಪ್ರತಿ ಮೆಷೀನಿಗೂ ಬೇರೆ ಪಾಸ್‌ವರ್ಡ್ ಇಟ್ಟು ಅದೇ ಬದಲಾಯಿಸ್ತಾ ಇರತ್ತೆ.

ಮತ್ತೆ ಟೂಲ್ ಹಾಕಿದ ದಿನವೇ ಇನ್ನೊಂದು ಕೆಲಸ. ಸ್ಟಾಕ್ ರಿಜಿಸ್ಟರಲ್ಲಿರೋ ಮೆಷೀನಿನ ಪಟ್ಟಿ ಒಂದು ಕಡೆ, ಟೂಲಿಗೆ ಗೊತ್ತಿರೋ ಪಟ್ಟಿ ಇನ್ನೊಂದು ಕಡೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಟೂಲಿಗೆ ಗೊತ್ತೇ ಇಲ್ಲದ ಮೆಷೀನನ್ನ ಯಾವ ಟೂಲೂ ಬಿಟ್ಟುಹೋಗಿದೆ ಅಂತ ಹೇಳಲ್ಲ. ನಾನು ಪ್ರತಿ ಸೋಮವಾರ ಬೆಳಗ್ಗೆ ಏಳು ದಿನದಿಂದ ಕಾಣದೇ ಇರೋ ಮೆಷೀನಿನ ಪಟ್ಟಿ ತೆಗೆದು ಆಯಾ ಶಾಖೆ ಮ್ಯಾನೇಜರಿಗೆ ಫೋನ್ ಮಾಡ್ತೀನಿ. ಹೋದ ವಾರ ಮೂರು ಇತ್ತು, ಒಂದು ಸಿಮಾಸ್ ಬ್ಯಾಟರಿ, ಒಂದರ ಲ್ಯಾನ್ ಕೇಬಲ್ ಇಲಿ ಕಡಿದಿತ್ತು, ಇನ್ನೊಂದನ್ನ ಹೊಸ ಕೌಂಟರ್ ಮಾಡ್ತೀವಿ ಅಂತ ಎತ್ತಿ ಸ್ಟೋರ್ ರೂಮಲ್ಲಿ ಇಟ್ಟಿದ್ರು, ಅದನ್ನ ನಾಳೆ ವಾಪಸ್ ಜೋಡಿಸ್ತಾರಂತೆ.